ಕಾಫಿ ಹುರಿಯುವ ಡ್ರಮ್ಮಿನ ಉಷ್ಣಾಂಶ ಮಾಪಕ: ಅಂಕಿ ತಪ್ಪಿದಾಗ ದೋಷ ಹುಡುಕುವ ಕ್ರಮ

ಚಿಕ್ಕಮಗಳೂರು ಪೇಟೆಯಲ್ಲಿ ಬೀಜವನ್ನು ತಾವೇ ಹುರಿದು, ಪುಡಿ ಮಾಡಿಸಿ ಮಾರುವ ಕಾಫಿಪುಡಿ ಅಂಗಡಿಯೊಂದಕ್ಕೆ ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿ ತಂಡ ಮಾಡಿಕೊಟ್ಟ ಉಷ್ಣಾಂಶ ಮಾಪಕಕ್ಕೆ ಸಂಬಂಧಿಸಿದ ಕೈಪಿಡಿ ಇದು. ಅಂಗಡಿಯಲ್ಲಿ ವರ್ಷಗಳಿಂದ ಬೀಜ ಹುರಿಯುತ್ತಿದ್ದವರು ರಜೆ ಹಾಕಿದ ದಿನ ಪುಡಿಯ ರುಚಿ ಬದಲಾಗುತ್ತಿತ್ತು, ಖಾಯಂ ಗಿರಾಕಿಗಳು ಅದನ್ನು ಕೂಡಲೇ ಗುರುತಿಸಿ ಕೇಳುತ್ತಿದ್ದರು. ಪ್ರತಿಯೊಂದು ಒಬ್ಬೆಯೂ ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಹುರಿಯಿತು ಎಂಬುದು ದಾಖಲೆಯಾಗಿ ಉಳಿದರೆ ಬೇರೆಯವರೂ ಅದೇ ಹದವನ್ನು ಹಿಡಿಯಬಹುದು ಎಂಬುದು ಮಾಲೀಕರ ಬೇಡಿಕೆಯಾಗಿತ್ತು. ಅದಕ್ಕಾಗಿ ಡ್ರಮ್ಮಿನ ಮುಂಭಾಗದ ತಟ್ಟೆಯಲ್ಲಿ ರಂಧ್ರ ಕೊರೆದು ಕೆ ಮಾದರಿಯ ಥರ್ಮೋಕಪಲ್ (ಎರಡು ಮಿಶ್ರಲೋಹದ ತಂತಿಗಳಿಂದ ಬಿಸಿ ಅಳೆಯುವ ಸೆನ್ಸರ್) ಕೂರಿಸಿ, ಅದನ್ನು ಅದರ ವೋಲ್ಟೇಜನ್ನು ಅಂಕಿಯಾಗಿಸುವ ಮ್ಯಾಕ್ಸ್ 6675 ಬೋರ್ಡಿಗೂ, ಅಲ್ಲಿಂದ ವೈಫೈ ಇರುವ ಪುಟ್ಟ ಕಂಪ್ಯೂಟರಾದ ಇಎಸ್‌ಪಿ 32 ಬೋರ್ಡಿಗೂ ಜೋಡಿಸಿ, ಮೊಬೈಲಿನಲ್ಲಿ ನಕ್ಷೆ ಮೂಡುವಂತೆ ಮಾಡಲಾಗಿದೆ. ಇಂಥದೇ ಯಂತ್ರವನ್ನು ಬೇರೆ ಅಂಗಡಿಗಳಿಗೆ ಮಾಡಿಕೊಡುವ ತಂಡಗಳಿಗೂ ಇಲ್ಲಿನ ವಿಷಯ ಹೆಚ್ಚು ಬದಲಾವಣೆಯಿಲ್ಲದೆ ಅನ್ವಯಿಸುತ್ತದೆ.

ಅಂಕಿ ತಪ್ಪಾಗಿ ಬರುತ್ತಿದೆ ಎಂಬ ಫೋನು ಬಂದ ಕೂಡಲೇ ಹೊಸ ಬೋರ್ಡು ತರಿಸುವುದು ವಿದ್ಯಾರ್ಥಿ ತಂಡಗಳ ಸಾಮಾನ್ಯ ಅಭ್ಯಾಸ. ಬೋರ್ಡು ಅಗ್ಗ, ಬದಲಾಯಿಸುವುದು ಸುಲಭ. ಆದರೆ ಬಹುತೇಕ ಸಂದರ್ಭಗಳಲ್ಲಿ ದೋಷ ಅಲ್ಲಿರುವುದಿಲ್ಲ, ಡ್ರಮ್ಮಿನಿಂದ ಬೋರ್ಡಿನವರೆಗಿನ ತಂತಿಯಲ್ಲಿ ಇರುತ್ತದೆ. ಆದುದರಿಂದ ಯಾವುದೇ ಭಾಗವನ್ನು ಬಿಚ್ಚುವ ಮೊದಲು ಅಂಕಿ ಯಾವ ರೀತಿಯಲ್ಲಿ ತಪ್ಪುತ್ತಿದೆ, ಯಾವ ಹೊತ್ತಿನಲ್ಲಿ ತಪ್ಪುತ್ತಿದೆ ಎಂಬುದನ್ನು ಒಂದು ಪೂರ್ತಿ ಒಬ್ಬೆಯ ಕಾಲ ಸುಮ್ಮನೆ ನಿಂತು ಬರೆದುಕೊಳ್ಳಬೇಕು. ತಪ್ಪಿನ ಸ್ವರೂಪವೇ ತಪ್ಪಿನ ಜಾಗವನ್ನು ಬಹುಮಟ್ಟಿಗೆ ತೋರಿಸಿಕೊಡುತ್ತದೆ.

ಕೈ ಹಾಕುವ ಮೊದಲು ಗ್ಯಾಸಿನ ವಾಲ್ವ್ ಮುಚ್ಚಿ, ಡ್ರಮ್ ತಣ್ಣಗಾಗಲು ಬಿಡಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಡ್ರಮ್ಮಿನ ಕಬ್ಬಿಣದ ಮೈಗೂ ಅರ್ತಿಂಗಿಗೂ ನಡುವೆ ಅಳೆಯಿರಿ. ಮೋಟರು ಓಡುತ್ತಿರುವಾಗ ಅಲ್ಲಿ ಹೆಚ್ಚಿನ ವೋಲ್ಟೇಜು ಕಂಡರೆ ಮಾಪಕದ ಕೆಲಸವನ್ನು ಅಲ್ಲಿಗೇ ಬಿಟ್ಟು ಎಲೆಕ್ಟ್ರೀಷಿಯನ್ನರನ್ನು ಕರೆಸಬೇಕು. ಹಳೆಯ ಕಟ್ಟಡಗಳಲ್ಲಿ ಅರ್ತಿಂಗ್ ಹೆಸರಿಗೆ ಮಾತ್ರ ಇರುವುದುಂಟು.

ದೋಷವಲ್ಲದ ದೋಷಗಳು

ಕಾದ ಡ್ರಮ್ಮಿಗೆ ಹಸಿ ಬೀಜ ಸುರಿದ ಕೂಡಲೇ ಅಂಕಿ ಸರ್ರನೆ ಇಳಿಯುತ್ತದೆ. 180 ಅಥವಾ 190 ಡಿಗ್ರಿ ಇದ್ದದ್ದು ಒಂದೆರಡು ನಿಮಿಷದಲ್ಲಿ ನೂರಕ್ಕಿಂತ ಕೆಳಗೆ ಹೋಗಿ, ಅಲ್ಲಿ ತಿರುಗಿ ಮತ್ತೆ ಏರತೊಡಗುತ್ತದೆ. ಹೊಸದಾಗಿ ನಕ್ಷೆ ನೋಡುವವರು ಇದನ್ನು ಸೆನ್ಸರ್ ಕೈಕೊಟ್ಟಿದೆ ಎಂದು ತಿಳಿಯುತ್ತಾರೆ. ತಣ್ಣನೆಯ ಬೀಜ ಮೊನೆಯನ್ನು ಸುತ್ತುವರಿದಾಗ ಮೊನೆ ತಣ್ಣಗಾಗಲೇಬೇಕು. ಹಾಗೆ ಇಳಿಯದಿದ್ದರೆ ಮಾತ್ರ ಅನುಮಾನ ಪಡಬೇಕು. ಇಳಿತ ಬಹಳ ಕಡಿಮೆಯಾಗಿದ್ದರೆ ಮೊನೆ ಬೀಜದ ರಾಶಿಯೊಳಗೆ ಇಲ್ಲ, ಮೇಲಿನ ಬಿಸಿಗಾಳಿಯಲ್ಲಿದೆ ಎಂದರ್ಥ. ಹಬ್ಬದ ಮುಂಚೆ ತುಂಬು ಡ್ರಮ್ಮಿನಲ್ಲಿ ಸರಿಯಾಗಿದ್ದ ಅಂಕಿ, ವ್ಯಾಪಾರ ಕಡಿಮೆಯಾದ ವಾರದಲ್ಲಿ ಅರ್ಧ ಡ್ರಮ್ ಹುರಿಯುವಾಗ ಹೆಚ್ಚಾಗಿ ತೋರುವುದಕ್ಕೆ ಇದೇ ಕಾರಣ. ಇದಕ್ಕೆ ಮದ್ದು ರಂಧ್ರದ ಜಾಗವನ್ನು ತಗ್ಗಿಸುವುದು, ಇಲ್ಲವೇ ಒಬ್ಬೆಯ ಕನಿಷ್ಠ ತೂಕವನ್ನು ನಿಗದಿ ಮಾಡಿ ಗೋಡೆಯ ಮೇಲೆ ಬರೆದಿಡುವುದು. ಬೋರ್ಡಿನೊಳಗಿನ ಕೋಡು (ಪ್ರೋಗ್ರಾಂ) ತಿದ್ದಿ ಪ್ರಯೋಜನವಿಲ್ಲ.

ಇನ್ನೊಂದು ಕುದಿಯುವ ನೀರಿನದು. ಮಾಪಕ ಸರಿಯಿದೆಯೇ ಎಂದು ನೋಡಲು ಕುದಿಯುವ ನೀರಿನಲ್ಲಿ ಮೊನೆ ಅದ್ದುವುದು ಒಳ್ಳೆಯ ಪದ್ಧತಿಯೇ, ಆದರೆ ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ. 96 ಡಿಗ್ರಿ ದಾಟಿದ ಕೂಡಲೇ ಕುದಿಯುತ್ತದೆ. ಹಾಸನದಲ್ಲಿ ಪರೀಕ್ಷೆ ಮಾಡಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಮಾಪಕ 96 ಎಂದು ನಿಜವನ್ನೇ ಹೇಳುತ್ತಿರುವಾಗ, ಪಠ್ಯಪುಸ್ತಕದ 100ಕ್ಕೆ ಸರಿಹೊಂದಿಸಲೆಂದು ಕೋಡಿನಲ್ಲಿ ನಾಲ್ಕು ಡಿಗ್ರಿ ಕೂಡಿಸಿಬಿಟ್ಟರೆ ಸರಿಯಿದ್ದ ಯಂತ್ರವನ್ನು ಕೈಯಾರೆ ಕೆಡಿಸಿದಂತಾಗುತ್ತದೆ. ಹಳೆಯ ಕೋಡನ್ನು ಕೈಗೆತ್ತಿಕೊಂಡಾಗ ಇಂಥ ಕೂಡಿಕೆ ಎಲ್ಲಾದರೂ ಅಡಗಿದೆಯೇ ಎಂದು ಮೊದಲು ನೋಡಿ. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕಿದ ಲೋಟ ಸೊನ್ನೆಗೆ ಆಧಾರವಾಗುತ್ತದೆ. ಅಗ್ಗದ ಥರ್ಮೋಕಪಲ್ಲಿನ ಸಹಜ ವ್ಯತ್ಯಾಸವನ್ನೂ ಮ್ಯಾಕ್ಸ್ 6675 ಚಿಪ್ಪಿನ ವ್ಯತ್ಯಾಸವನ್ನೂ ಸೇರಿಸಿದರೆ ಎರಡೂ ಕಡೆ ಮೂರು ನಾಲ್ಕು ಡಿಗ್ರಿ ಆಚೀಚೆಯಾಗುವುದನ್ನು ಒಪ್ಪಿಕೊಳ್ಳಬೇಕು.

ಕಾಲೇಜಿನಲ್ಲಿ ಸರಿ, ಅಂಗಡಿಯಲ್ಲಿ ತಪ್ಪು

ಹೆಚ್ಚು ಕಾಲ ತಿನ್ನುವ ದೋಷ ಇದೇ ಆಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಅಂಗಡಿ ತೆರೆದಾಗ ಅಂಕಿ ಸರಿಯಾಗಿದೆ, ಪ್ರಯೋಗಾಲಯದ ಕುದಿನೀರಿನ ಪರೀಕ್ಷೆಯಲ್ಲಿಯೂ ಸರಿಯಾಗಿದೆ, ಆದರೆ ಮೊದಲ ಒಬ್ಬೆ ಮುಗಿಯುವ ಹೊತ್ತಿಗೆ ಇಪ್ಪತ್ತು ಮೂವತ್ತು ಡಿಗ್ರಿ ಕಡಿಮೆ ತೋರಿಸುತ್ತಿದೆ, ಎರಡನೆಯ ಒಬ್ಬೆಯಲ್ಲಿ ಇನ್ನೂ ಕಡಿಮೆ. ಬೀಜದ ಬಣ್ಣ ಕಡುಕಂದು ದಾಟಿ ಎಣ್ಣೆ ಬಿಡುತ್ತಿದ್ದರೂ ಮೊಬೈಲು ಇನ್ನೂ 185 ಎನ್ನುತ್ತದೆ.

ಥರ್ಮೋಕಪಲ್ ತನ್ನ ಮೊನೆಯ ಬಿಸಿಯನ್ನು ನೇರವಾಗಿ ಅಳೆಯುವುದಿಲ್ಲ. ಎರಡು ಬೇರೆ ಮಿಶ್ರಲೋಹಗಳ ತಂತಿಗಳು ಬಿಸಿ ತುದಿಯಿಂದ ತಣ್ಣನೆಯ ತುದಿಯವರೆಗೆ ಸಾಗುವಾಗ ಅವುಗಳ ನಡುವೆ ಹುಟ್ಟುವ ಸಣ್ಣ ವೋಲ್ಟೇಜು ಎರಡು ತುದಿಗಳ ಬಿಸಿಯ ಅಂತರಕ್ಕೆ ತಕ್ಕಂತೆ ಇರುತ್ತದೆ. ಕೆ ಮಾದರಿಯಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಚಿಪ್ಪು ತನ್ನದೇ ಉಷ್ಣಾಂಶವನ್ನು ಅಳೆದು ಅದನ್ನು ಈ ಅಂತರಕ್ಕೆ ಕೂಡಿಸಿ ಕೊಡುತ್ತದೆ. ಈ ಲೆಕ್ಕ ಸರಿಯಾಗಬೇಕಾದರೆ ಅದೇ ಎರಡು ಮಿಶ್ರಲೋಹಗಳು ಬೋರ್ಡಿನ ತಿರುಪಿನವರೆಗೂ ಬಂದಿರಬೇಕು. ಕಿಟ್ಟಿನ ತಂತಿ ಗಿಡ್ಡವಾಯಿತೆಂದು ನಡುವೆ ಮಾಮೂಲಿ ತಾಮ್ರದ ತಂತಿ ಸೇರಿಸಿ ಉದ್ದ ಮಾಡಿದರೆ, ಅಂತರದ ಲೆಕ್ಕ ಆ ಸೇರಿಕೆಯ ಜಾಗದಲ್ಲಿಯೇ ನಿಂತುಹೋಗುತ್ತದೆ. ಸೇರಿಕೆ ಡ್ರಮ್ಮಿನ ಹತ್ತಿರ 60 ಡಿಗ್ರಿಯಲ್ಲಿದ್ದು, ಬೋರ್ಡು ಮೇಜಿನ ಮೇಲೆ 28 ಡಿಗ್ರಿಯಲ್ಲಿದ್ದರೆ, ತೋರುವ ಅಂಕಿ ನಿಜಕ್ಕಿಂತ 32 ಡಿಗ್ರಿ ಕಡಿಮೆ. ಬೆಳಿಗ್ಗೆ ಎರಡೂ ಒಂದೇ ಬಿಸಿಯಲ್ಲಿರುವುದರಿಂದ ತಪ್ಪು ಸೊನ್ನೆ; ಪ್ರಯೋಗಾಲಯದಲ್ಲಿ ಸೇರಿಕೆ ತಣ್ಣಗಿರುವುದರಿಂದ ಅಲ್ಲಿಯೂ ಸೊನ್ನೆ. ಹಾಗಾಗಿ ಕಾಲೇಜಿಗೆ ತಂದು ಮತ್ತೆ ಮತ್ತೆ ಪರೀಕ್ಷಿಸಿದರೆ ಈ ದೋಷ ಎಂದಿಗೂ ಸಿಗುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವ ದಾರಿ ಬಹಳ ಸುಲಭ. ಅಂಗಡಿಯಲ್ಲಿಯೇ, ಡ್ರಮ್ ತಣ್ಣಗಿರುವಾಗ, ಸೇರಿಕೆಯ ಜಾಗವನ್ನು ಮಾತ್ರ ಹೇರ್ ಡ್ರೈಯರಿನಿಂದ ಬಿಸಿ ಮಾಡಿ. ಮೊನೆಗೆ ಏನೂ ಆಗಿಲ್ಲದಿದ್ದರೂ ಅಂಕಿ ಕೆಳಗಿಳಿಯತೊಡಗಿದರೆ ಸೇರಿಕೆಯೇ ತಪ್ಪು.

ಆ ಬಳಿಕ ತಂತಿಯನ್ನೇ ನೋಡಬೇಕು. ಕೆ ಮಾದರಿಯ ಎರಡು ತಂತಿಗಳಲ್ಲಿ ಕ್ರೋಮೆಲ್ ಪ್ಲಸ್, ಅಲ್ಯುಮೆಲ್ ಮೈನಸ್. ಇವುಗಳಲ್ಲಿ ಅಲ್ಯುಮೆಲ್ಲನ್ನು ಮಾತ್ರ ಅಯಸ್ಕಾಂತ ಹಿಡಿಯುತ್ತದೆ. ಹಳೆಯ ಸ್ಪೀಕರಿನಿಂದ ತೆಗೆದ ಅಯಸ್ಕಾಂತದ ತುಂಡೊಂದನ್ನು ಹತ್ತಿರ ಹಿಡಿದು, ಹೊದಿಕೆ ಸುಲಿದ ತುದಿಗಳನ್ನು ಒಂದೊಂದಾಗಿ ತೋರಿಸಿ: ಒಂದು ತಂತಿ ಅಯಸ್ಕಾಂತದ ಕಡೆಗೆ ವಾಲಿ ಅಂಟಿಕೊಳ್ಳುತ್ತದೆ, ಇನ್ನೊಂದು ಅಲುಗುವುದಿಲ್ಲ. ಅಂಟಿಕೊಂಡದ್ದು ಮೈನಸ್. ಎರಡೂ ಅಂಟಿಕೊಳ್ಳದಿದ್ದರೆ ಕೈಯಲ್ಲಿರುವುದು ತಾಮ್ರದ ತಂತಿ ಎಂದೇ ತಿಳಿದು ಅದನ್ನು ತೆಗೆದುಹಾಕಿ. ತಂತಿಯ ಬಣ್ಣವನ್ನು ಮಾತ್ರ ನಂಬಬೇಡಿ. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಐಇಸಿ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಅಗ್ಗದ ಕಿಟ್ಟುಗಳಲ್ಲಿ ಇದಾವುದೂ ಅಲ್ಲದೆ ಕೆಂಪನ್ನೇ ಪ್ಲಸ್ ಆಗಿ ಕೊಡುವುದೂ ಇದೆ. ಎಲೆಕ್ಟ್ರಾನಿಕ್ಸ್ ಓದಿದವರು ಕೆಂಪು ಕಂಡರೆ ಪ್ಲಸ್ಸಿಗೆ ಹಾಕುವುದು ಕೈಗೆ ಬಂದ ಅಭ್ಯಾಸವಾದುದರಿಂದ ಅಯಸ್ಕಾಂತದ ಪರೀಕ್ಷೆಯನ್ನು ಯಾರೂ ಬಿಡಬಾರದು.

ಪ್ಲಸ್ಸು ಮೈನಸ್ಸು ಒಂದು ಕಡೆ ಮಾತ್ರ ಅದಲುಬದಲಾಗಿದ್ದರೆ ಕಾಯಿಸಿದಂತೆಲ್ಲ ಅಂಕಿ ಇಳಿಯುತ್ತದೆ. ಅದು ಯಾರಿಗಾದರೂ ಕೂಡಲೇ ತಿಳಿಯುತ್ತದೆ. ಕೆ ಮಾದರಿಯದೇ ಎಕ್ಸ್‌ಟೆನ್ಷನ್ ತಂತಿಯನ್ನು ಬಳಸಿ, ಅದರ ಎರಡೂ ತುದಿಗಳಲ್ಲಿ ಅದಲುಬದಲು ಮಾಡಿದಾಗ ಮಾತ್ರ ತಿಳಿಯುವುದಿಲ್ಲ. ಕಾಯಿಸಿದರೆ ಅಂಕಿ ಏರುತ್ತದೆ, ಎಲ್ಲ ಸರಿಯಿರುವಂತೆ ಕಾಣುತ್ತದೆ, ಆದರೆ ತಪ್ಪು ತಾಮ್ರದ ತಂತಿಯದಕ್ಕಿಂತ ಇಮ್ಮಡಿಯಾಗಿರುತ್ತದೆ. ಮೇಲಿನ ಉದಾಹರಣೆಯಲ್ಲಿ 64 ಡಿಗ್ರಿ. ಅಂಗಡಿ ಕಾದಂತೆ ಅಂಕಿ ಈ ಮಟ್ಟಕ್ಕೆ ಕುಸಿದರೆ ನೇರವಾಗಿ ಎಕ್ಸ್‌ಟೆನ್ಷನ್ನಿನ ಎರಡೂ ತುದಿಗಳನ್ನು ನೋಡಿ.

ಸರಿಪಡಿಸುವಾಗ ಬೆಸುಗೆಯ ಗೋಜಿಗೆ ಹೋಗಬೇಡಿ. ಈ ಮಿಶ್ರಲೋಹಗಳಿಗೆ ಮಾಮೂಲಿ ಸೀಸದ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಡ್ರಮ್ಮಿನ ಅದಿರಾಟಕ್ಕೆ ಬಿಟ್ಟುಕೊಳ್ಳುತ್ತದೆ. ಕೆ ಮಾದರಿಯ ಪ್ಲಗ್ಗು ಸಾಕೆಟ್ಟು ಬಳಸುವುದು, ಇಲ್ಲವೇ ಉದ್ದದ ತಂತಿಯೇ ಇರುವ ಥರ್ಮೋಕಪಲ್ ತರಿಸಿ ಸೇರಿಕೆಯೇ ಇಲ್ಲದಂತೆ ಮಾಡುವುದು ಉತ್ತಮ. ನನ್ನ ಒಲವು ಎರಡನೆಯದರ ಕಡೆಗೆ. ಹಣದ ವ್ಯತ್ಯಾಸ ಅಲ್ಪ.

ಇದಕ್ಕೆ ಹತ್ತಿರದ್ದೇ ಆದ, ಆದರೆ ಅಷ್ಟು ದೊಡ್ಡದಲ್ಲದ ದೋಷವೊಂದು ಪೆಟ್ಟಿಗೆಯೊಳಗೆ ಇರುತ್ತದೆ. ಇಎಸ್‌ಪಿ 32ರ ವೋಲ್ಟೇಜ್ ರೆಗ್ಯುಲೇಟರಿಗೆ ಅಂಟಿಕೊಂಡಂತೆ ಮ್ಯಾಕ್ಸ್ 6675 ಕೂರಿಸಿದರೆ ಅಂಕಿ ನಿಧಾನವಾಗಿ ಕೆಲವು ಡಿಗ್ರಿ ಮೇಲಕ್ಕೆ ಸರಿಯುತ್ತದೆ. ಬೋರ್ಡು ಬಿಸಿಯಾಗುವುದೇ ಇಲ್ಲಿ ತಪ್ಪಲ್ಲ. ಚಿಪ್ಪಿನ ಬಿಸಿಯೂ ತಂತಿ ಬಂದು ಸೇರುವ ತಿರುಪಿನ ಬಿಸಿಯೂ ಒಂದೇ ಆಗಿಲ್ಲದಿರುವುದು ತಪ್ಪು. ಎರಡೂ ಬೋರ್ಡುಗಳನ್ನು ದೂರ ಮಾಡಿ, ಪೆಟ್ಟಿಗೆಯನ್ನು ಡ್ರಮ್ಮಿನ ಶಾಖ ತಟ್ಟದ ಗೋಡೆಗೆ ಹಾಕಿದರೆ ಸಾಕು.

ಗ್ರೈಂಡರ್ ಹಾಕಿದಾಗ

ಪುಡಿ ಮಾಡುವ ಗ್ರೈಂಡರಿನ ಮೋಟರು ಶುರುವಾದ ಕ್ಷಣದಲ್ಲಿ ಅಂಕಿ ಕೆಡುತ್ತದೆ ಎಂಬುದು ಅಂಗಡಿಯವರು ಹೇಳುವ ಇನ್ನೊಂದು ದೂರು. ಇದರೊಳಗೆ ಎರಡು ಬೇರೆ ದೋಷಗಳಿವೆ. ಅವೆರಡನ್ನೂ ಒಂದೇ ಎಂದು ಭಾವಿಸಿ ಹೊರಟರೆ ದಿನಗಟ್ಟಲೆ ಸುತ್ತಾಡಬೇಕಾಗುತ್ತದೆ. ನಕ್ಷೆಯಲ್ಲಿ ಕೆಲವು ಸೆಕೆಂಡುಗಳ ಕಾಲ ಏನೂ ಇಲ್ಲದೆ ಖಾಲಿ ಬಿಟ್ಟುಹೋಗಿದೆಯೇ, ಅಥವಾ ಗೆರೆ ಮುಂದುವರಿದಿದ್ದು ಮೇಲೆ ಕೆಳಗೆ ಕುಣಿದಿದೆಯೇ ಎಂಬುದನ್ನು ಮೊದಲು ನೋಡಿ.

ಖಾಲಿ ಬಿಟ್ಟಿದ್ದರೆ ಇಎಸ್‌ಪಿ 32 ಮರುಚಾಲನೆಯಾಗಿದೆ. ಲ್ಯಾಪ್‌ಟಾಪ್ ಜೋಡಿಸಿ ಬೋರ್ಡು ಕಳಿಸುವ ಸಂದೇಶ ತೋರಿಸುವ ಸೀರಿಯಲ್ ಮಾನಿಟರ್ ತೆರೆದಿಟ್ಟರೆ ಬ್ರೌನ್‌ಔಟ್ (ವೋಲ್ಟೇಜು ಕುಸಿತ) ಎಂಬ ಸಂದೇಶ ಕಾಣಿಸುತ್ತದೆ. ಆದರೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆದರೆ ದೋಷ ಮಾಯವಾಗಬಹುದು, ಏಕೆಂದರೆ ಲ್ಯಾಪ್‌ಟಾಪಿನ ಬ್ಯಾಟರಿಗೆ ಲೈನಿನ ಕುಸಿತ ತಟ್ಟುವುದಿಲ್ಲ. ಹಾಗೆ ಮಾಯವಾಯಿತೆಂಬುದೇ ಒಂದು ಪುರಾವೆ. ಮೋಟರು ಶುರುವಾಗುವಾಗ ಓಡುವ ಹೊತ್ತಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ; ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾಪಕದ ಅಡಾಪ್ಟರನ್ನೂ ಸಿಕ್ಕಿಸಿದ್ದರೆ ಅಲ್ಲಿನ ವೋಲ್ಟೇಜು ಒಂದು ಕ್ಷಣ ಕುಸಿಯುತ್ತದೆ, ಇಎಸ್‌ಪಿ 32 ವೈಫೈ ಮೂಲಕ ಮಾಹಿತಿ ಕಳಿಸುತ್ತಿರುವುದೂ ಆ ಕ್ಷಣವೇ ಆದರೆ ಬೋರ್ಡು ತಾಳಲಾರದು. ಅಡಾಪ್ಟರನ್ನು ಬೇರೆ ಪ್ಲಗ್ಗಿಗೆ ಬದಲಾಯಿಸಿ, ಸಣ್ಣ ಎಳೆಯ ಉದ್ದನೆಯ ಯುಎಸ್‌ಬಿ ಕೇಬಲ್ ತೆಗೆದು ದಪ್ಪನೆಯ ಗಿಡ್ಡ ಕೇಬಲ್ ಹಾಕಿ, ಬೋರ್ಡಿನ 5 ವೋಲ್ಟ್ ಪಿನ್ನಿನ ಬಳಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಬ್ರೌನ್‌ಔಟ್ ಪತ್ತೆಯನ್ನು ಕೋಡಿನಲ್ಲಿ ನಿಲ್ಲಿಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಅದನ್ನು ಪಾಲಿಸಬಾರದು: ಎಚ್ಚರಿಕೆ ನಿಲ್ಲುತ್ತದೆ, ಕುಸಿತ ನಿಲ್ಲುವುದಿಲ್ಲ, ಮತ್ತು ಕುಸಿದ ವೋಲ್ಟೇಜಿನಲ್ಲಿ ಓದಿದ ಅಂಕಿಯೇ ದಾಖಲೆಗೆ ಸೇರುತ್ತದೆ.

ಗೆರೆ ಮುಂದುವರಿದು ಕುಣಿದಿದ್ದರೆ ವಿದ್ಯುತ್ ಗದ್ದಲ (ಮೋಟರಿನಿಂದ ಸೇರಿಕೊಳ್ಳುವ ಬೇಡದ ವೋಲ್ಟೇಜು) ತಂತಿಯ ಮೂಲಕ ಬರುತ್ತಿದೆ. ಒಂದು ಮಿಲಿವೋಲ್ಟ್ ಗದ್ದಲವೆಂದರೆ ಸುಮಾರು 24 ಡಿಗ್ರಿ ಎಂಬುದನ್ನು ನೆನಪಿಟ್ಟರೆ ಇದು ಎಷ್ಟು ಸೂಕ್ಷ್ಮ ಎಂಬುದು ಗೊತ್ತಾಗುತ್ತದೆ. ಥರ್ಮೋಕಪಲ್ಲನ್ನು ಡ್ರಮ್ಮಿನಿಂದ ಹೊರತೆಗೆದು, ಲೋಹಕ್ಕೆಲ್ಲೂ ತಾಗದಂತೆ ಗಾಳಿಯಲ್ಲಿ ನೇತುಹಾಕಿ ಗ್ರೈಂಡರ್ ಹಾಕಿ. ಕುಣಿತ ನಿಂತರೆ, ಗದ್ದಲ ಥರ್ಮೋಕಪಲ್ಲಿನ ಉಕ್ಕಿನ ಕವಚದ ಮೂಲಕ ಬರುತ್ತಿತ್ತು ಎಂದಾಯಿತು. ಕವಚಕ್ಕೂ ತಂತಿಗೂ ನಡುವೆ ಮಲ್ಟಿಮೀಟರ್ ಬೀಪ್ ಎಂದರೆ ಮೊನೆ ಕವಚಕ್ಕೆ ಅಂಟಿಸಿದ ಮಾದರಿಯದು. ಅದರ ಬದಲು ಒಳಗಿನ ತಂತಿ ಕವಚದಿಂದ ಬೇರ್ಪಟ್ಟಿರುವ ಮಾದರಿಯನ್ನು ಹಾಕಬೇಕು. ಗಾಳಿಯಲ್ಲಿ ನೇತಾಡುವಾಗಲೂ ಕುಣಿಯುತ್ತಿದ್ದರೆ ತಂತಿ ಮೋಟರಿನ ಕೇಬಲ್ಲಿನ ಜೊತೆಜೊತೆಗೆ ಸಾಗಿರುತ್ತದೆ. ಅಂದವಾಗಿ ಕಾಣಲೆಂದು ಎಲ್ಲವನ್ನೂ ಒಂದೇ ಪಿವಿಸಿ ಪಟ್ಟಿಯೊಳಗೆ ತೂರಿಸಿರುವುದು ಸಾಮಾನ್ಯ. ಒಂದು ಗೇಣಿನಷ್ಟು ದೂರ ಮಾಡಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ, ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆಯಿರಿ. ಕೋಡಿನಲ್ಲಿ ಸರಾಸರಿ ತೆಗೆದು ಗೆರೆಯನ್ನು ನಯ ಮಾಡುವ ಕೆಲಸ ಇವೆಲ್ಲ ಆದ ಮೇಲೆ, ಬೇಕಿದ್ದರೆ ಮಾತ್ರ.

ಉಳಿದವು

ಅಂಕಿಯ ಬದಲು ನ್ಯಾನ್ (NaN, ‘ಅಂಕಿಯಲ್ಲ’ ಎಂಬ ಸೂಚನೆ) ಎಂದು ಬಂದರೆ ಥರ್ಮೋಕಪಲ್ ಎಲ್ಲೋ ಕಡಿದಿದೆ ಅಥವಾ ತಿರುಪು ಸಡಿಲಾಗಿದೆ. ಸದಾ 0.00 ಎಂದು ಬಂದರೆ ಥರ್ಮೋಕಪಲ್ಲಿನ ತಪ್ಪಲ್ಲ, ಎರಡು ಬೋರ್ಡುಗಳ ನಡುವಿನ ತಂತಿಗಳನ್ನೋ ಚಿಪ್ಪಿಗೆ ಬರುವ ವಿದ್ಯುತ್ತನ್ನೋ ನೋಡಬೇಕು. ಒಂದೇ ಅಂಕಿ ಕದಲದೆ ನಿಂತುಬಿಟ್ಟರೆ ಕೋಡು ಆತುರಪಡುತ್ತಿದೆ: ಮ್ಯಾಕ್ಸ್ 6675ಕ್ಕೆ ಒಂದು ಅಳತೆ ಮುಗಿಸಲು 0.22 ಸೆಕೆಂಡಿನವರೆಗೆ ಬೇಕು, ಅದಕ್ಕೂ ಮೊದಲೇ ಮತ್ತೆ ಕೇಳಿದರೆ ನಡೆಯುತ್ತಿದ್ದ ಅಳತೆ ನಿಂತುಹೋಗಿ ಹಳೆಯ ಅಂಕಿಯೇ ಸಿಗುತ್ತದೆ. ಹದಿನೈದು ನಿಮಿಷದ ಒಬ್ಬೆಗೆ ಸೆಕೆಂಡಿಗೊಮ್ಮೆ ಓದಿದರೆ ಧಾರಾಳವಾಯಿತು.

ಮಳೆಗಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವ ದೋಷವನ್ನು ಮಲೆನಾಡಿನಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ಪೆಟ್ಟಿಗೆಯೊಳಗೆ ಸೇರುವ ಸಣ್ಣ ಕಾಫಿಪುಡಿ ಬೇಸಿಗೆಯಲ್ಲಿ ನಿರುಪದ್ರವಿ. ಜುಲೈ ಬಂದರೆ ತೇವ ಹೀರಿ ಪಿನ್ನುಗಳ ನಡುವೆ ಕಂದು ಪೊರೆಯಾಗಿ ಅಂಟಿಕೊಳ್ಳುತ್ತದೆ, ತಿರುಪುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆಗ ಅಂಕಿ ಬೆಳಿಗ್ಗೆ ಅಲೆದಾಡಿ, ಡ್ರಮ್ ಕಾದು ಕೋಣೆ ಒಣಗಿದ ಮೇಲೆ ತಾನಾಗಿ ಸರಿಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಆರಿಸಿ, ಕೇಬಲ್ ಒಳಬರುವ ರಂಧ್ರಕ್ಕೆ ರಬ್ಬರ್ ಗ್ಲ್ಯಾಂಡ್ (ಕೇಬಲ್ಲಿನ ಸುತ್ತ ಬಿಗಿಯಾಗಿ ಕೂರುವ ಮುಚ್ಚಿಗೆ) ಹಾಕಿ.

ಅಂಕಿ ಸರಿಯಾಗಿಯೇ ಬಂದು, ತಡವಾಗಿ ಬರುತ್ತಿದ್ದರೆ ಮೊನೆಯನ್ನು ಹೊರತೆಗೆದು ನೋಡಿ. ಬೀಜದ ಹೊಟ್ಟು ಮತ್ತು ಎಣ್ಣೆ ಸೇರಿ ಕಟ್ಟಿದ ಕರಿ ಪದರ ಉಗುರಿನಿಂದ ಕೆರೆದರೂ ಬಿಡದಷ್ಟು ಗಟ್ಟಿಯಾಗಿರುತ್ತದೆ. ಹಿತ್ತಾಳೆ ಬ್ರಶ್ಶಿನಿಂದ ತಿಕ್ಕಿ ತೆಗೆಯಬೇಕು.

ದಾಖಲೆಯಲ್ಲಿ ದಿನಾಂಕ 1970 ಎಂದು ಬಿದ್ದಿದ್ದರೆ ಬೋರ್ಡಿಗೆ ಇಂಟರ್‌ನೆಟ್ಟಿನಿಂದ ಸಮಯ ಸಿಕ್ಕಿಲ್ಲ ಎಂದರ್ಥ. ಐದೂವರೆ ಗಂಟೆ ಹಿಂದಿದ್ದರೆ ಭಾರತೀಯ ಸಮಯದ 19,800 ಸೆಕೆಂಡುಗಳನ್ನು ಕೋಡಿನಲ್ಲಿ ಸೇರಿಸಿಲ್ಲ. ರೂಟರ್ ಬದಲಾಯಿಸಿದ ಮರುದಿನವೇ ಸಂಪರ್ಕ ತಪ್ಪಿದ್ದರೆ, ಇಎಸ್‌ಪಿ 32 ಹಿಡಿಯುವುದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಎಂಬುದನ್ನು ಅಂಗಡಿಯವರಿಗೆ ತಿಳಿಸಿ, ಹೊಸ ರೂಟರಿನಲ್ಲಿ ಅದನ್ನು ಬೇರೆ ಹೆಸರಿನಲ್ಲಿ ತೆರೆಸಿ.

ಹಿಂತಿರುಗಿಸುವ ಮುನ್ನ

ದುರಸ್ತಿಯಾದ ಮಾಪಕವನ್ನು ನೀರಿನಲ್ಲಿ ಪರೀಕ್ಷಿಸಿ ಒಪ್ಪಿಸಿಬಿಡಬಾರದು. ಅಂಗಡಿಯಲ್ಲಿ ಅದಕ್ಕಿಂತ ಒಳ್ಳೆಯ ಆಧಾರವೊಂದಿದೆ. ಬೀಜ ಒಂದು ಹದಕ್ಕೆ ಬಂದಾಗ ಡ್ರಮ್ಮಿನೊಳಗೆ ಚಟಪಟ ಸದ್ದು ಶುರುವಾಗುತ್ತದೆ; ಬೀಜದ ಒಳಗಿನ ಆವಿ ಒತ್ತಿ ಅದು ಬಿರಿಯುವ ಸದ್ದು ಇದು, ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸಿನಲ್ಲಿ ಕೇಳಿಸುತ್ತದೆ. ಹುರಿಯುವವರಿಗೆ ಈ ಸದ್ದು ಗ್ರೈಂಡರಿನ ಗದ್ದಲದ ನಡುವೆಯೂ ತಿಳಿಯುತ್ತದೆ. ಒಂದೇ ಮೂಟೆಯ ಬೀಜವನ್ನು ಒಂದೇ ತೂಕದಲ್ಲಿ ಸಾಲಾಗಿ ಮೂರು ಒಬ್ಬೆ ಹುರಿಸಿ, ಅವರು ‘ಈಗ’ ಎಂದ ಕ್ಷಣದ ಅಂಕಿಯನ್ನು ಪ್ರತಿ ಸಲವೂ ಬರೆದುಕೊಳ್ಳಿ. ಬರೆಯುವವರು ಮೊಬೈಲಿನ ಅಂಕಿಯನ್ನು ಗಟ್ಟಿಯಾಗಿ ಹೇಳಬಾರದು, ಹುರಿಯುವವರು ಪರದೆಯ ಕಡೆ ನೋಡಬಾರದು. ಮೊದಲ ಒಬ್ಬೆಯಿಂದ ಮೂರನೆಯದಕ್ಕೆ ಬರುವಾಗ ಅಂಕಿ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಸೇರಿಕೆಯ ದೋಷವೋ ಪೆಟ್ಟಿಗೆಯ ಬಿಸಿಯೋ ಇನ್ನೂ ಉಳಿದಿದೆ. ಹೇರ್ ಡ್ರೈಯರ್ ಪರೀಕ್ಷೆಗೆ ಹಿಂತಿರುಗಿ. ದಿಕ್ಕಿಲ್ಲದೆ ಆಚೀಚೆ ಆಗುತ್ತಿದ್ದರೆ ಗ್ರೈಂಡರ್ ನಿಲ್ಲಿಸಿ ಇನ್ನೊಂದು ಒಬ್ಬೆ ನೋಡಿ. ಮೂರೂ ಅಂಕಿಗಳು ನಾಲ್ಕು ಡಿಗ್ರಿಯೊಳಗೆ ಕೂಡಿ ಬಂದರೆ ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಆ ಅಂಕಿಗಳನ್ನು ದಿನಾಂಕದೊಡನೆ ಮುಚ್ಚಳದ ಒಳಮೈಗೆ ಅಂಟಿಸಿ. ಮುಂದೆ ಪೆಟ್ಟಿಗೆ ತೆರೆಯುವವರು ಮೊದಲು ಹೋಲಿಸಿ ನೋಡಬೇಕಾದದ್ದು ಅವನ್ನೇ.